ವೈದ್ಯರೇ, ಇನ್ನು ನೀವು ಕನ್ನಡದಲ್ಲಿ ಬಾಯಿ ಬಿಡಿ!

ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆಯ ಕಾಲ ಮುಗಿಯಿತು. ಈಗ ಕಾಸಿದ್ದವನಿಗೆ ಹಲ್ಲೂ ಉಂಟು. ದವಡೆಯ ಮೂಳೆಯೊಳಗೆ ಟೈಟಾನಿಯಂ ತಿರುಪು ಕೂರಿಸಿ, ಅದು ಮೂಳೆಯೊಂದಿಗೆ ಬೆಸೆದುಕೊಂಡ ಮೇಲೆ ಹೊಸ ಹಲ್ಲು ಕಟ್ಟುತ್ತಾರೆ. ಇದೇ ಇಂಪ್ಲಾಂಟ್. ಬೆಂಗಳೂರಿನ ಬೀದಿ ಬೀದಿಯಲ್ಲಿ ಇದರ ಬೋರ್ಡು ನೇತಾಡುತ್ತಿದೆ. ಪುತ್ತೂರು, ಸುಳ್ಯಕ್ಕೂ ಬಂದಿದೆ. ಕಡಬದ ಹಳ್ಳಿಗಳ ಜನ ಅಲ್ಲಿಗೆ ಬಸ್ಸು ಹತ್ತುತ್ತಾರೆ.

ಈ ವಿದ್ಯೆ ಬಲ್ಲ ವೈದ್ಯರಿಗೆ ಸಂಘಗಳಿವೆ. ಅಮೆರಿಕದಲ್ಲಿ 1951ರಲ್ಲೇ ಇಂಪ್ಲಾಂಟ್ ದಂತವೈದ್ಯರ ಅಕಾಡೆಮಿ ಹುಟ್ಟಿತು. 1972ರಲ್ಲಿ ಅಂತರರಾಷ್ಟ್ರೀಯ ಕಾಂಗ್ರೆಸ್ ಬಂತು. 1991ರಲ್ಲಿ ಯುರೋಪಿನವರು ತಮ್ಮದೊಂದು ಸಂಘ ಕಟ್ಟಿಕೊಂಡರು. ಭಾರತದಲ್ಲಿ ಇಂಡಿಯನ್ ಸೊಸೈಟಿ ಆಫ್ ಓರಲ್ ಇಂಪ್ಲಾಂಟಾಲಜಿಸ್ಟ್ಸ್ ಇದೆ. ಇಂಥ ಸಂಘದ ಅಧ್ಯಕ್ಷ ಗಾದಿಗೆ ಏರಿದವರೆಲ್ಲ ಹೇಳುವ ಮಾತು ಒಂದೇ: ನಮ್ಮ ಸಂಘವನ್ನು ಜಗತ್ತಿನ ಮಟ್ಟಕ್ಕೆ ಒಯ್ಯುತ್ತೇವೆ, ವಿದೇಶಿ ಸಂಘಗಳೊಂದಿಗೆ ಒಪ್ಪಂದ, ವಿದೇಶಿ ತಜ್ಞರ ಭಾಷಣ, ನಮ್ಮವರಿಗೆ ಫೆಲೋಶಿಪ್!

ಗೆಳೆಯರೇ, ಇದಕ್ಕೆ ನಮ್ಮ ವಿರೋಧವಿಲ್ಲ. ಕನ್ನಡದ ಮಣ್ಣಿನ ವೈದ್ಯ ದೇಶದ ಸಂಘವನ್ನು ಮುನ್ನಡೆಸಿದರೆ ಎದೆ ಉಬ್ಬಿಸೋಣ. ಟೋಕಿಯೊದಲ್ಲಿ, ಬರ್ಲಿನ್‌ನಲ್ಲಿ ಭಾಷಣ ಮಾಡಿದರೆ ಚಪ್ಪಾಳೆ ತಟ್ಟೋಣ. ಆದರೆ ಒಂದು ಪ್ರಶ್ನೆ ಕೇಳಿಯೇ ಕೇಳುತ್ತೇವೆ. ಏಳು ಸಮುದ್ರದಾಚೆಗೆ ಚಾಚುವ ಕೈ ಸುಬ್ರಹ್ಮಣ್ಯದ ಘಟ್ಟದ ಬುಡಕ್ಕೆ ಯಾಕೆ ಚಾಚುವುದಿಲ್ಲ? ಜಗತ್ತಿಗೆ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಕಡಬದ ಅಜ್ಜಿಗೆ ಕನ್ನಡದಲ್ಲಿ ಯಾಕೆ ಹೇಳುವುದಿಲ್ಲ?

ಅಜ್ಜಿಯ ಮುಂದೆ ಹಿಡಿಯುವ ಕಾಗದ ಏನು ಗೊತ್ತೇ? ಒಪ್ಪಿಗೆ ಪತ್ರ. ಎಷ್ಟೋ ಖಾಸಗಿ ಚಿಕಿತ್ಸಾಲಯಗಳಲ್ಲಿ ಅದು ಅಚ್ಚ ಇಂಗ್ಲಿಷಿನಲ್ಲಿರುತ್ತದೆ. ‘ಇಲ್ಲೊಂದು ಸೈನ್ ಹಾಕಿ’ ಎಂಬ ಮೂರು ಮಾತು ಮಾತ್ರ ಕನ್ನಡ! ದವಡೆಗೆ ರಂಧ್ರ ಕೊರೆಯುವ ಮುನ್ನ ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ಬೀಡಿ ಸಿಗರೇಟು ಬಿಡಬೇಕು. ಮೂಳೆ ಬೆಸೆಯಲು ಕೆಲವು ತಿಂಗಳು ಬೇಕು. ಕೆಳದವಡೆಯಲ್ಲಿ ನರಕ್ಕೆ ಪೆಟ್ಟಾದರೆ ತುಟಿ ಮರಗಟ್ಟಬಹುದು. ಹಲ್ಲು ಕೂರಿಸಿದ ಮೇಲೂ ದಿನಾ ಸ್ವಚ್ಛ ಮಾಡದಿದ್ದರೆ ಸುತ್ತಲಿನ ವಸಡು ಕೀವಾಗಿ ಮೂಳೆ ಸವೆದು ತಿರುಪೇ ಸಡಿಲವಾಗಬಹುದು. ಇದೆಲ್ಲ ಇಂಗ್ಲಿಷಿನಲ್ಲಿ ಅಚ್ಚಾಗಿ ಅಜ್ಜಿಯ ಕೈಚೀಲದಲ್ಲಿ ಮಡಚಿ ಬಿದ್ದರೆ ಯಾರಿಗೆ ಲಾಭ?

ಸಮೀರಾ ಕೊಹ್ಲಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2008ರಲ್ಲೇ ಹೇಳಿದೆ: ಚಿಕಿತ್ಸೆ ಏನು, ಅಪಾಯವೇನು, ಬೇರೆ ದಾರಿ ಯಾವುದು, ಮಾಡಿಸದಿದ್ದರೆ ಏನಾಗುತ್ತದೆ, ಇಷ್ಟನ್ನೂ ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಪತ್ರವೂ ರೋಗಿಗೆ ತಿಳಿಯುವ ಭಾಷೆಯಲ್ಲಿ ಹೇಳಿ ಎನ್ನುತ್ತದೆ. ಆದ್ದರಿಂದ ಕನ್ನಡದ ಕಾಗದ ಕೇಳುವುದು ಭಿಕ್ಷೆಯಲ್ಲ, ಹಕ್ಕು!

ಬೋರ್ಡಿನ ಹೋರಾಟ ನಿಮಗೆ ನೆನಪಿದೆ. 2023ರ ಕೊನೆಯಲ್ಲಿ ಬೆಂಗಳೂರಿನ ಬೀದಿಗಿಳಿದವರಲ್ಲಿ ನಿಮ್ಮಂಥ ಯುವಕರೇ ಹೆಚ್ಚು. 2024ರಲ್ಲಿ ತಿದ್ದುಪಡಿಯಾದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆ, ಆಸ್ಪತ್ರೆಗಳೂ ಸೇರಿದಂತೆ ನಾಮಫಲಕಗಳಲ್ಲಿ ಶೇ. 60 ಭಾಗ ಕನ್ನಡವಿರಬೇಕು ಎಂದಿತು. ಸರಿ, ಬಾಗಿಲ ಮೇಲೆ ಕನ್ನಡ ಬಂತು. ಬಾಗಿಲ ಒಳಗೆ? ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದವನ ಕಿವಿಗೆ? ಬೋರ್ಡು ಹೋರಾಟದ ಮೊದಲ ಮೆಟ್ಟಿಲು ಮಾತ್ರ. ಮೊದಲ ಮೆಟ್ಟಿಲಲ್ಲೇ ಕುಳಿತು ವಿಜಯೋತ್ಸವ ಮಾಡುವುದು ಬೇಡ.

‘ಅಂತರರಾಷ್ಟ್ರೀಯ ವಿದ್ಯೆಗೆ ಕನ್ನಡ ಸಾಲದು’ ಎನ್ನುವ ಮಹನೀಯರಿಗೆ ಈ ವಿದ್ಯೆಯ ಜಾತಕವನ್ನೇ ತೋರಿಸೋಣ. ಇದು ಹುಟ್ಟಿದ್ದು ಲಂಡನ್ನಿನಲ್ಲೂ ಅಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ, ಸ್ವೀಡನ್ನಿನಲ್ಲಿ. 1952ರಲ್ಲಿ ಬ್ರೋನೆಮಾರ್ಕ್ ಎಂಬ ವಿಜ್ಞಾನಿ ಮೊಲದ ಕಾಲಿನ ಮೂಳೆಗೆ ಟೈಟಾನಿಯಂ ಉಪಕರಣ ಕೂರಿಸಿದ್ದರು. ತೆಗೆಯಲು ಹೋದರೆ ಬರಲಿಲ್ಲ. ಮೂಳೆ ಅದನ್ನು ತನ್ನದಾಗಿಸಿಕೊಂಡಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಎಂಬ 34 ವರ್ಷದ ರೋಗಿಯ ಕೆಳದವಡೆಗೆ 4 ತಿರುಪು ಹಾಕಿದರು. 2006ರಲ್ಲಿ ಆತ ಸಾಯುವವರೆಗೂ, 40 ವರ್ಷ, ಅವು ಅಲುಗಲಿಲ್ಲ. ಸ್ವದೇಶದ ದಂತವೈದ್ಯರೇ ಮೊದಲು ನಂಬಲಿಲ್ಲ. 1982ರಲ್ಲಿ ಟೊರೊಂಟೊ ಸಮ್ಮೇಳನದಲ್ಲಿ ಮಂಡಿಸಿದ ಮೇಲೆ ಲೋಕವೇ ಒಪ್ಪಿತು.

ಈಗ ಲೆಕ್ಕ ಹಾಕಿ. ಸ್ವೀಡನ್ನಿನ ಜನಸಂಖ್ಯೆ ಒಂದು ಕೋಟಿಗಿಂತ ಸ್ವಲ್ಪ ಹೆಚ್ಚು. 2011ರ ಜನಗಣತಿಯಲ್ಲಿ ಕನ್ನಡ ನಮ್ಮ ತಾಯ್ನುಡಿ ಎಂದು ಬರೆಸಿದವರು 4 ಕೋಟಿ 37 ಲಕ್ಷ. ಆ ಪುಟ್ಟ ನಾಡು ಟೊರೊಂಟೊದಲ್ಲಿ ಇಂಗ್ಲಿಷಿನಲ್ಲಿ ಮಾತಾಡಿತು, ಮನೆಯಲ್ಲಿ ತನ್ನ ದಂತವೈದ್ಯರನ್ನು ತನ್ನ ನುಡಿಯಲ್ಲೇ ಬೆಳೆಸಿತು, ರೋಗಿಗೆ ಸ್ವೀಡಿಷಿನಲ್ಲೇ ಹೇಳಿತು. ಜಗತ್ತಿಗೆ ಒಂದು ಭಾಷೆ, ಜನಕ್ಕೆ ತಮ್ಮ ಭಾಷೆ. ಎರಡೂ ಕೈ ಒಟ್ಟಿಗೆ ಕೆಲಸ ಮಾಡಿದವು. ನಮ್ಮವರು ಒಂದು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ವಿಶ್ವಮಟ್ಟ ಎನ್ನುತ್ತಾರೆ!

ಸುಳ್ಯಕ್ಕೇ ಬನ್ನಿ. ಕುರುಂಜಿ ವೆಂಕಟರಮಣ ಗೌಡರು ಘಟ್ಟದ ಕೆಳಗಿನ ಆ ಪುಟ್ಟ ಪಟ್ಟಣದಲ್ಲಿ ಕಾಲೇಜುಗಳ ಸಾಲನ್ನೇ ಕಟ್ಟಿದರು. ದಂತ ವೈದ್ಯಕೀಯ ಕಾಲೇಜೂ ಅದರಲ್ಲಿ ಒಂದು. ಕೇರಳದಿಂದ, ಉತ್ತರದಿಂದ ಮಕ್ಕಳು ಬಂದು ಕಲಿಯುತ್ತಾರೆ. ಬರಲಿ, ಸ್ವಾಗತ. ಆದರೆ ಅವರ ಕುರ್ಚಿಯಲ್ಲಿ ಕೂರುವ ರೋಗಿ ಯಾರು? ಮನೆಯಲ್ಲಿ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ, ಕೊಂಕಣಿ ಆಡುವವರು. ಆ ನುಡಿಗಳಿಗೆಲ್ಲ ನಮ್ಮ ನಮಸ್ಕಾರ. ಬಾಯಿಮಾತಿನಲ್ಲಿ ಅವರವರ ನುಡಿಯಲ್ಲೇ ವಿಚಾರಿಸಿದರೆ ಇನ್ನೂ ಒಳ್ಳೆಯದು. ಆದರೆ ಅವರಲ್ಲಿ ಹೆಚ್ಚಿನವರು ಶಾಲೆಯಲ್ಲಿ ಕಲಿತ, ಪತ್ರಿಕೆಯಲ್ಲಿ ಓದುವ ಅಕ್ಷರ ಕನ್ನಡ. ಇಷ್ಟು ನುಡಿಗಳ ಜನರನ್ನು ಒಂದೇ ಕಾಗದದ ಮುಂದೆ ಕೂರಿಸಬಲ್ಲದ್ದು ಕನ್ನಡ, ಇಂಗ್ಲಿಷಲ್ಲ.

ಜಗತ್ತಿಗೆ ಈ ಮೂರು ತಾಲೂಕು ಕೊಡಬಲ್ಲದ್ದೂ ಇದೆ. ಇದು ಅಡಿಕೆಯ ಸೀಮೆ. ಅಡಿಕೆಯಿಂದಲೇ ಮನೆ ಎದ್ದಿದೆ, ಮಕ್ಕಳು ಓದಿದ್ದಾರೆ. 1973ರಲ್ಲಿ ಕ್ಯಾಂಪ್ಕೊ ಹುಟ್ಟಿದ್ದೂ ಈ ಬೆಳೆಗಾರರಿಗಾಗಿ. ಬೆಳೆಗಾರನ ಹೊಟ್ಟೆಯ ಮೇಲೆ ಹೊಡೆಯುವ ಮಾತು ನಮ್ಮದಲ್ಲ. ಆದರೆ ಸತ್ಯವನ್ನೂ ಮುಚ್ಚಿಡೆವು. ಅಡಿಕೆ ಜಗಿಯುವ ಚಟದಿಂದ ಕೆಲವರ ಬಾಯೊಳಗಿನ ಪೊರೆ ನಾರುಗಟ್ಟಿ, ಬಾಯಿ ಎರಡು ಬೆರಳಿನಷ್ಟೂ ತೆರೆಯದಂತಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನು ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿದೆ. ಬಾಯಿಯೇ ತೆರೆಯದವನಿಗೆ ಇಂಪ್ಲಾಂಟ್ ಹಾಕುವುದು ಹೇಗೆ?

ಈ ಬಾಯಿ ಬಿಗಿಯುವ ರೋಗ ಜಗತ್ತಿನ ಪುಸ್ತಕಕ್ಕೆ ಹೇಗೆ ಹೋಯಿತು ಗೊತ್ತೇ? 1952ರಲ್ಲಿ ಷ್ವಾರ್ಟ್ಸ್ ಎಂಬವರು ಕೆನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರಲ್ಲಿ ಅದನ್ನು ಕಂಡು, ಲಂಡನ್ನಿನ ದಂತವೈದ್ಯ ಸಮ್ಮೇಳನದಲ್ಲಿ ಲ್ಯಾಟಿನ್ ಹೆಸರಿಟ್ಟು ಮಂಡಿಸಿದರು. ನಮ್ಮವರ ಬಾಯಿ, ಅವರ ಹೆಸರು! ಆ ಬಾಯಿಗಳನ್ನು ದಿನಾ ನೋಡುವ ವೈದ್ಯರು ಇಲ್ಲಿದ್ದಾರೆ. ಅಡಿಕೆ ನಾಡಿನ ದವಡೆಯ ಅನುಭವವನ್ನು ಲೋಕದ ಮುಂದೆ ಇಡುವುದೇ ನಿಜವಾದ ಅಂತರರಾಷ್ಟ್ರೀಯತೆ. ಆ ಅನುಭವ ದಕ್ಕುವುದು ರೋಗಿ ಮನಬಿಚ್ಚಿ ಮಾತಾಡಿದಾಗ. ದಿನಕ್ಕೆ ಎಷ್ಟು ಎಲೆಯಡಿಕೆ, ಹೊಗೆಸೊಪ್ಪು ಸೇರಿಸಿಯೋ ಸೇರಿಸದೆಯೋ, ಎಷ್ಟು ವರ್ಷದಿಂದ ಎಂಬುದನ್ನು ಆತ ಹೇಳುವುದು ತನಗೆ ಬರುವ ನುಡಿಯಲ್ಲಿ.

‘ವಿಜ್ಞಾನಕ್ಕೆ ಕನ್ನಡದಲ್ಲಿ ಪದವಿಲ್ಲ’ ಎನ್ನುವವರನ್ನು ಪುತ್ತೂರಿನ ಬಾಲವನಕ್ಕೆ ಕರೆದೊಯ್ಯಿರಿ. ಪುತ್ತೂರನ್ನೇ ಊರು ಮಾಡಿಕೊಂಡು ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ ಕೊಟ್ಟರು, ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಕೊಟ್ಟರು. ವೈದ್ಯೆ ಅನುಪಮಾ ನಿರಂಜನ ‘ತಾಯಿ-ಮಗು’ ಬರೆದು ಎಷ್ಟೋ ಮನೆಗಳಿಗೆ ಧೈರ್ಯ ಕೊಟ್ಟರು. ಒಬ್ಬೊಬ್ಬರೇ ಮಾಡಿದ್ದನ್ನು ಇಡೀ ಸಂಘ ಮಾಡಲಾರದೇ? ಇಂಪ್ಲಾಂಟ್, ಟೈಟಾನಿಯಂ, ಎಕ್ಸ್‌ರೇ ಹಾಗೆಯೇ ಇರಲಿ. ಬಸ್ಸು, ರೈಲಿನಂತೆ ಅವೂ ಕನ್ನಡವೇ ಆಗುತ್ತವೆ. ಕೊರತೆ ಪದದ್ದಲ್ಲ, ಮನಸ್ಸಿನದು.

ಆದ್ದರಿಂದ ಇಂಪ್ಲಾಂಟ್ ಸಂಘಗಳ ಗಾದಿಯಲ್ಲಿರುವವರಿಗೆ, ನಾಳೆ ಏರುವವರಿಗೆ ನಮ್ಮ ಹಕ್ಕೊತ್ತಾಯ ನಾಲ್ಕೇ.

ಒಂದು: ಒಪ್ಪಿಗೆ ಪತ್ರದ ಕನ್ನಡ ಮಾದರಿಯನ್ನು ಸಂಘವೇ ಸಿದ್ಧಪಡಿಸಿ ಕರ್ನಾಟಕದ ಪ್ರತಿ ಸದಸ್ಯನಿಗೂ ಕೊಡಲಿ.

ಎರಡು: ಪ್ರತಿ ರೋಗಿಗೂ ಕನ್ನಡ ವಿವರಣೆಯುಳ್ಳ ಇಂಪ್ಲಾಂಟ್ ಚೀಟಿ ಕೊಡಲಿ. ಕಂಪನಿ, ಅಳತೆ, ತಂಡದ ಸಂಖ್ಯೆ, ಹಾಕಿದ ದಿನ ಅದರಲ್ಲಿರಲಿ. ಒಂದು ಕಂಪನಿಯ ತಿರುಪಿಗೆ ಇನ್ನೊಂದರ ಬಿಡಿಭಾಗ ಹೊಂದುವುದಿಲ್ಲ. ಸುಳ್ಯದಲ್ಲಿ ಹಾಕಿಸಿಕೊಂಡವನ ಹಲ್ಲು ದುಬೈಯಲ್ಲಿ ಸಡಿಲವಾದರೆ ಆ ಚೀಟಿಯೇ ಗತಿ. ಅಂತರರಾಷ್ಟ್ರೀಯ ಸಂಪರ್ಕ ರೋಗಿಗೆ ಉಪಯೋಗಕ್ಕೆ ಬರುವುದು ಇಲ್ಲಿ!

ಮೂರು: ಕರ್ನಾಟಕದಲ್ಲಿ ನಡೆಯುವ ಪ್ರತಿ ಸಮ್ಮೇಳನದಲ್ಲೂ ಕನ್ನಡದ ಗೋಷ್ಠಿಯೊಂದು ಇರಲಿ, ಜನರಿಗೆ ಅದರ ಬಾಗಿಲು ತೆರೆದಿರಲಿ.

ನಾಲ್ಕು: ವಿದೇಶಕ್ಕೆ ಒಂದು ನಿಯೋಗ ಹೋದರೆ ಕಡಬದಂಥ ತಾಲೂಕಿಗೆ ಒಂದು ಶಿಬಿರ ಹೋಗಲಿ. ಇಂಪ್ಲಾಂಟ್ ಮಾರುವ ಶಿಬಿರವಲ್ಲ. ಇರುವ ಹಲ್ಲು ಉಳಿಸುವ, ಬಾಯಿಯ ಹುಣ್ಣು ಬೇಗ ಪತ್ತೆಹಚ್ಚುವ ಶಿಬಿರ.

ಓದುವ ಗೆಳೆಯ, ಗೆಳತಿ, ಈಗ ನಿಮ್ಮ ಸರದಿ. ನೀವು ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ದುಡಿಯುತ್ತಿರಬಹುದು. ಊರಿನಲ್ಲಿ ಅಪ್ಪನ ಹಲ್ಲಿಗೆ ದುಡ್ಡು ಕಳಿಸುವವರೂ ನೀವೇ. ದುಡ್ಡು ಕಳಿಸುವ ಮುನ್ನ ಫೋನ್ ಮಾಡಿ ಕೇಳಿ: ‘ಅಪ್ಪಾ, ಅವರು ಕೊಟ್ಟ ಕಾಗದ ನೀವು ಓದಿದಿರಾ? ಅರ್ಥವಾಯಿತಾ?’ ಇಲ್ಲವೆಂದರೆ ಸಹಿ ಬೇಡ. ಚಿಕಿತ್ಸಾಲಯಕ್ಕೆ ವಿನಯದಿಂದ ಹೇಳಿ, ಕನ್ನಡದ ಪ್ರತಿ ಬೇಕು. ಇಲ್ಲ ಎಂದರೆ ಇನ್ನೊಮ್ಮೆ ಕೇಳಿ. ಹತ್ತು ಮನೆಯಿಂದ ಹತ್ತು ದನಿ ಎದ್ದರೆ ಹನ್ನೊಂದನೆಯ ರೋಗಿಗೆ ಕನ್ನಡದ ಕಾಗದ ತಾನಾಗಿ ಬರುತ್ತದೆ. ನೀವು ದಂತವೈದ್ಯ ವಿದ್ಯಾರ್ಥಿಯಾಗಿದ್ದರೆ ಕಾಯುವುದೇ ಬೇಡ: ಇಂದೇ ಒಂದು ಪುಟ ಕನ್ನಡದಲ್ಲಿ ಬರೆಯಿರಿ, ನಾಳೆ ಗುರುಗಳ ಮೇಜಿನ ಮೇಲಿಡಿ.

ಟೈಟಾನಿಯಂ ಎಷ್ಟೇ ಗಟ್ಟಿಯಾಗಿರಲಿ, ಮೂಳೆ ಹಿಡಿದರೆ ಮಾತ್ರ ನಿಲ್ಲುತ್ತದೆ. ಸಂಘವೂ ಅಷ್ಟೇ. ಈ ನಾಡಿನ ಜನ ಹಿಡಿದರೆ ಮಾತ್ರ ನಿಲ್ಲುತ್ತದೆ.

ಸಿರಿಗನ್ನಡಂ ಗೆಲ್ಗೆ!