ತಳೇವಾಡಿ ಖಾಲಿಯಾದರೆ ಕಾಡು ತುಂಬೀತೇ?

ಮೇ ತಿಂಗಳ ರವಿವಾರ, ಬೆಳಗಾವಿಯ ಖಾಸಬಾಗದ ಸಂತೆ. ಖಾನಾಪುರ ಕಡೆಯಿಂದ ಬಂದ ಮುದುಕಿಯೊಬ್ಬಳು ಮುತ್ತಲ ಎಲೆಯ ದೊನ್ನೆಗೆ ಕವಳಿಹಣ್ಣು ಸುರಿಯುತ್ತಿದ್ದಳು. ಬುಟ್ಟಿಯ ತಳ ಕಾಣುತ್ತಿತ್ತು. ‘ಇಷ್ಟ ಏನ ಆಯಿ?’ ಎಂದೆ. ‘ಮಳಿ ಲಗೂ ಬಂದು ಉದರಿಸ್ತ ತಮ್ಮಾ. ಉಳದದ್ದು ಕರಡಿ ಪಾಲಾತು’ ಎಂದಳು.

ಕರಡಿಗೂ ಮನುಷ್ಯರಿಗೂ ಒಂದೇ ಕಾಡು ಸಾಕಾಗುತ್ತದೆಯೇ? ಭೀಮಗಡದ ಮುಂದಿರುವ ಪ್ರಶ್ನೆ ಇದೇ. ಖಾನಾಪುರ ತಾಲ್ಲೂಕಿನ ಈ 190 ಚದರ ಕಿ.ಮೀ. ಕಾಡು 2011ರ ಡಿಸೆಂಬರ್‌ನಲ್ಲಿ ವನ್ಯಜೀವಿಧಾಮವಾಯಿತು. ಅದರ ಮಡಿಲಲ್ಲಿ ಹದಿಮೂರು ಹಳ್ಳಿಗಳಿವೆ. 2025ರ ಮೇನಲ್ಲಿ ಅವುಗಳಲ್ಲೊಂದಾದ ತಳೇವಾಡಿಯ 27 ಕುಟುಂಬಗಳು ಹೊರಗೆ ನೆಲೆಸಲು ಒಪ್ಪಿ, ತಲಾ 15 ಲಕ್ಷ ರೂಪಾಯಿ ಪರಿಹಾರದಲ್ಲಿ ಮೊದಲ ಕಂತಾಗಿ 10 ಲಕ್ಷದ ಚೆಕ್ ಪಡೆದವು.

ಹೋಗಲಿ ಎನ್ನುವವರ ವಾದ ಹಗುರವಲ್ಲ. ದಕ್ಷಿಣಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಪಶ್ಚಿಮಕ್ಕೆ ಗೋವೆಯ ಮಹದಾಯಿ ಅಭಯಾರಣ್ಯ; ನಡುವಿನ ಭೀಮಗಡ ಪ್ರಾಣಿಗಳ ದಾರಿ. ಮಳೆ–ಬಿಸಿಲಿನ ಲೆಕ್ಕ ತಪ್ಪುತ್ತಿರುವಾಗ ಅವುಗಳಿಗೆ ಜಾಗ ಬದಲಿಸುವ ಅವಕಾಶ ಬೇಕು. ತಳೇವಾಡಿ ಹತ್ತಿರದ ಬಾರಾಪೆಡೆ ಗುಹೆಗಳಲ್ಲಿ ಅಪರೂಪದ ರಾಟನ್ ಬಾವಲಿಯಿದೆ. ಮಹದಾಯಿ ನದಿ ಹುಟ್ಟುವುದು ಇದೇ ಕಾಡಿನಲ್ಲಿ. ಹುಬ್ಬಳ್ಳಿ–ಧಾರವಾಡದ ನಲ್ಲಿಗೆ ನೀರು ಕೊಡುವ ಮಲಪ್ರಭೆ ಅನತಿ ದೂರದ ಕಣಕುಂಬಿಯಲ್ಲಿ. ಇನ್ನು ಊರವರ ಕಷ್ಟ: ಮಳೆಗಾಲದಲ್ಲಿ ರೋಗಿಯನ್ನು ಹೆಗಲ ಮೇಲೆ ಹೊರಬೇಕು. ರಸ್ತೆ ಮಾಡಿದರೆ ಕಾಡು ಸೀಳುತ್ತದೆ, ಮಾಡದಿದ್ದರೆ ಜನ ಸಾಯುತ್ತಾರೆ. 2002ರ ಹೊತ್ತಿಗೆ ಭದ್ರಾ ಅಭಯಾರಣ್ಯದಿಂದ ನಾನೂರಕ್ಕೂ ಹೆಚ್ಚು ಕುಟುಂಬಗಳು ಹೊರಬಂದು ಬದುಕು ಕಟ್ಟಿಕೊಂಡವು. ಅಲ್ಲಿ ಕಾಡೂ ಚೇತರಿಸಿತು.

ಆದರೆ ಭದ್ರಾದವರಿಗೆ ಹೊರಗೆ ಜಮೀನು ಸಿಕ್ಕಿತ್ತು. ತಳೇವಾಡಿಗೆ ಸಿಕ್ಕಿದ್ದು ದುಡ್ಡು. ದುಡ್ಡು ಕರಗುತ್ತದೆ, ಜಮೀನು ಕರಗುವುದಿಲ್ಲ. ಜನ ಎದ್ದುಹೋದರೆ ಕಾಡು ತಾನಾಗಿ ಸುಧಾರಿಸುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಹದವರಿತು ತರಗುಬೆಂಕಿ ಹಾಕುತ್ತಿದ್ದರು. ಅದು ನಿಂತ ಮೇಲೆ ಲಂಟಾನ ಹಬ್ಬಿ ಹುಲ್ಲನ್ನು ನುಂಗಿತು ಎಂಬುದು ಅವರ ಮಾತು. 2011ರಲ್ಲಿ ಅವರಿಗೆ ಹುಲಿಕಾಡಿನೊಳಗೇ ಸಮುದಾಯ ಅರಣ್ಯ ಹಕ್ಕು ದೊರೆಯಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಆಶಯವೂ ಅದೇ: ಮೊದಲು ಹಕ್ಕು ಗುರುತಿಸಿ, ಆಮೇಲೆ ಒಪ್ಪಿಗೆ ಕೇಳಿ. ಆಸ್ಪತ್ರೆ, ಶಾಲೆ, ದಾರಿ ಯಾವುದೂ ಇಲ್ಲದ ಊರು ‘ಹೋಗುತ್ತೇವೆ’ ಎಂದರೆ ಅದು ಒಪ್ಪಿಗೆಯೋ, ಸೋತು ಆಡಿದ ಮಾತೋ?

ನನ್ನ ತಕ್ಕಡಿ ಪೂರ್ತಿಯಾಗಿ ಯಾವ ಕಡೆಗೂ ವಾಲುವುದಿಲ್ಲ. ಹೋಗಬಯಸುವವರನ್ನು ಕಾಡಿನ ಹೆಸರಿನಲ್ಲಿ ತಡೆಯುವುದು ನಗರದಲ್ಲಿ ಕುಳಿತ ನಮ್ಮಂಥವರ ಸುಖದ ಮಾತು. ಉಳಿಯಬಯಸುವವರಿಗೆ ಸೌಲಭ್ಯ ಕೊಡದೆ ಕಾದು ಕೂರುವುದು ಮಾತ್ರ ಬಲವಂತದ ಇನ್ನೊಂದು ರೂಪ. ಇನ್ನು ಬಿಟ್ಟುಹೋದ ಗದ್ದೆಗಳ ಮಾತು. ಅಲ್ಲಿ ಅಕೇಶಿಯಾ ಸಾಲು ನೆಡುವುದೂ ತಪ್ಪು, ಕಳೆಗೆ ಬಿಟ್ಟುಕೊಡುವುದೂ ತಪ್ಪು. ಎಲ್ಲಿ ಹುಲ್ಲು ಉಳಿಯಬೇಕು, ಎಲ್ಲಿ ನೇರಳೆ ಏಳಬೇಕು ಎಂಬುದನ್ನು ಆ ಗದ್ದೆ ಉತ್ತವರನ್ನೇ ಕೇಳಬೇಕು, ಆ ಕೆಲಸಕ್ಕೆ ಅವರಿಗೇ ಕೂಲಿ ಕೊಡಬೇಕು.

ಹಣ್ಣು ಎಲ್ಲಿ ಸಿಗುತ್ತದೆ, ಕರಡಿ ಯಾವಾಗ ಬರುತ್ತದೆ ಎರಡೂ ಆ ಆಯಿಗೆ ಗೊತ್ತು. ಹತ್ತು ಲಕ್ಷದ ಚೆಕ್ಕಿನಲ್ಲಿ ಆ ತಿಳಿವಳಿಕೆಗೆ ಬೆಲೆ ಕಟ್ಟಿದ ಸಾಲು ಇಲ್ಲ.