'ಐ7' ಎಂದಾಕ್ಷಣ ಒಳ್ಳೆಯ ಲ್ಯಾಪ್‌ಟಾಪೇ?

ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶ ಶುರುವಾಗುತ್ತಿದ್ದಂತೆ ವಾಟ್ಸ್‌ಆಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ: "ಐ7 ಲ್ಯಾಪ್‌ಟಾಪ್, ಹೊಸದರಂತೆಯೇ ಇದೆ, ಅರ್ಧಕ್ಕಿಂತ ಕಡಿಮೆ ಬೆಲೆ, ಬೇಗ ಕೊಳ್ಳಿ, ಎಲ್ಲರಿಗೂ ಕಳಿಸಿ." ಫೀಸು, ಹಾಸ್ಟೆಲ್, ಪುಸ್ತಕಗಳ ಲೆಕ್ಕ ಹಾಕುತ್ತಿರುವ ಮನೆಗಳಿಗೆ ಇದು ವರದಂತೆ ಕಾಣುವುದು ಸಹಜ.

ರಿಫರ್ಬಿಶ್ಡ್ ಲ್ಯಾಪ್‌ಟಾಪ್ ಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಕಂಪನಿಗಳು ಕೆಲವು ವರ್ಷ ಬಳಸಿ ಬದಲಾಯಿಸುವ ಲ್ಯಾಪ್‌ಟಾಪ್‌ಗಳನ್ನು ಪರೀಕ್ಷಿಸಿ, ಬೇಕಾದ ಬಿಡಿಭಾಗ ಬದಲಿಸಿ ಮತ್ತೆ ಮಾರಲಾಗುತ್ತದೆ. ಡೆಲ್ ಲ್ಯಾಟಿಟ್ಯೂಡ್, ಲೆನೊವೊ ಥಿಂಕ್‌ಪ್ಯಾಡ್, ಎಚ್‌ಪಿ ಎಲೀಟ್‌ಬುಕ್‌ಗಳು ಈ ಮಾರುಕಟ್ಟೆಯಲ್ಲಿ ಹೆಚ್ಚು ಕಾಣುವುದು ಇದೇ ಕಾರಣಕ್ಕೆ. ಕಚೇರಿ ಬಳಕೆಗೆಂದು ಗಟ್ಟಿಮುಟ್ಟಾಗಿ ಮಾಡಿದ ಮಾದರಿಗಳಿವು. ತೊಂದರೆ ಇರುವುದು 'ಐ7' ಎಂಬ ಅರ್ಧ ಮಾಹಿತಿಯಲ್ಲಿ.

ತಲೆಮಾರು ಯಾವುದು?

ಐ3, ಐ5, ಐ7 ಎನ್ನುವುದು ಒಂದೇ ತಲೆಮಾರಿನ ಪ್ರಾಸೆಸರ್‌ಗಳ ನಡುವಿನ ದರ್ಜೆ. ಬೇರೆ ಬೇರೆ ತಲೆಮಾರಿನವನ್ನು ಹೋಲಿಸಲು ಅದು ಸಾಲದು. ಉದಾಹರಣೆಗೆ ಐ7-7500ಯು ಪ್ರಾಸೆಸರ್‌ನಲ್ಲಿರುವುದು ಎರಡು ಕೋರ್. ಅದರ ಮುಂದಿನ ತಲೆಮಾರಿನ ಐ5-8250ಯುನಲ್ಲಿ ನಾಲ್ಕು! ಒಟ್ಟಿಗೆ ಹಲವು ಕೆಲಸ ಮಾಡುವಾಗ ಈ 'ಚಿಕ್ಕ' ಐ5, ಆ 'ದೊಡ್ಡ' ಐ7 ಅನ್ನು ಹಿಂದಿಕ್ಕುತ್ತದೆ.

ತಲೆಮಾರು ತಿಳಿಯುವುದು ಸುಲಭ. ಅಡ್ಡಗೆರೆಯ ನಂತರದ ಸಂಖ್ಯೆ ನೋಡಿ. 7500 ಎಂದರೆ 7ನೆಯ ತಲೆಮಾರು, 8250 ಎಂದರೆ 8ನೆಯದು, 10210 ಎಂದರೆ 10ನೆಯದು. ಮಾರುವವರು ಈ ಸಂಖ್ಯೆ ಹೇಳಲು ಹಿಂಜರಿದರೆ ಆ ವ್ಯವಹಾರ ಬಿಡುವುದೇ ಒಳ್ಳೆಯದು.

8ನೆಯ ತಲೆಮಾರು ಮುಖ್ಯವಾಗಲು ಇನ್ನೊಂದು ಕಾರಣವೂ ಇದೆ. ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್‌ನ 8ನೆಯ ಅಥವಾ ಅದಕ್ಕಿಂತ ಹೊಸ ತಲೆಮಾರಿನ ಪ್ರಾಸೆಸರ್ ಬೇಕು (ವಿನಾಯಿತಿಗಳು ಬಹಳ ಕಡಿಮೆ). ಹಾಗಾಗಿ ಅದಕ್ಕಿಂತ ಹಳೆಯ ಲ್ಯಾಪ್‌ಟಾಪ್‌ಗಳಿಗೆ ಈಗ ಬೇಡಿಕೆ ಕಡಿಮೆ, ಬೆಲೆಯೂ ಕಡಿಮೆ. "ಆದರೆ ಇದರಲ್ಲಿ ವಿಂಡೋಸ್ 11 ಓಡುತ್ತಿದೆಯಲ್ಲ?" ಎನ್ನಬಹುದು. ನಿಯಮ ತಪ್ಪಿಸಿ ಅದನ್ನು ಹಳೆಯ ಲ್ಯಾಪ್‌ಟಾಪ್‌ಗಳಿಗೂ ಹಾಕಬಹುದು. ಅಂಥವಕ್ಕೆ ಅಪ್‌ಡೇಟ್ ಬರುವ ಖಾತರಿಯಿಲ್ಲ ಎಂದು ಮೈಕ್ರೋಸಾಫ್ಟೇ ಹೇಳಿದೆ. ನಾಲ್ಕು ವರ್ಷದ ಓದಿಗೆ ಇದು ನಂಬಿಕೆಯ ದಾರಿಯಲ್ಲ. ಲಿನಕ್ಸ್ ಬಳಸಲು ಸಿದ್ಧರಿರುವವರಿಗೆ ಹಳೆಯ ಲ್ಯಾಪ್‌ಟಾಪ್ ಕೂಡ ಉಪಯೋಗಕ್ಕೆ ಬಂದೀತು. ಆದರೆ ಕೋರ್ಸಿಗೆ ಬೇಕಾದ ತಂತ್ರಾಂಶ ಅದರಲ್ಲಿ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಬೇಕು.

ಯಾವ ಬ್ರಾಂಚಿಗೆ ಎಷ್ಟು?

ಸಿ, ಪೈಥಾನ್ ಕಲಿಯಲು 8 ಜಿಬಿ ರ್‍ಯಾಮ್ ಮತ್ತು ಎಸ್‌ಎಸ್‌ಡಿ ಇದ್ದರೆ ಸಾಕು. ಹಾರ್ಡ್ ಡಿಸ್ಕ್ ಮಾತ್ರ ಇರುವುದು ಬೇಡ. ಮುಂದೆ ಆಂಡ್ರಾಯ್ಡ್ ಸ್ಟುಡಿಯೋದಂಥವನ್ನು ಬಳಸುವವರಿಗೆ 16 ಜಿಬಿ ಬೇಕಾಗುತ್ತದೆ. ಕೆಲವು ತೆಳು ಮಾದರಿಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸೆದಿರುತ್ತದೆ. ನಂತರ ಹೆಚ್ಚಿಸಲು ಸಾಧ್ಯವೇ ಎಂದು ಕೊಳ್ಳುವ ಮೊದಲೇ ಕೇಳಿ. ಮೆಕ್ಯಾನಿಕಲ್, ಸಿವಿಲ್ ವಿದ್ಯಾರ್ಥಿಗಳಿಗೆ ಭಾರೀ 3ಡಿ ವಿನ್ಯಾಸ ಮಾಡಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಾಗಬಹುದು. ಆ ಕೆಲಸ ಕಾಲೇಜಿನ ಲ್ಯಾಬಿನಲ್ಲೇ ಆಗುವಂತಿದ್ದರೆ ಆ ಹಣ ಉಳಿಯುತ್ತದೆ.

ಹಣ ಕೊಡುವ ಮುನ್ನ

ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯಲ್ಲಿ ಕೊಂಡರೂ ಆನ್‌ಲೈನ್‌ನಲ್ಲಿ ತರಿಸಿದರೂ ಈ ನಾಲ್ಕನ್ನು ಪರೀಕ್ಷಿಸೋಣ.

ಒಂದು, ಬೀಗ. ಕಂಪನಿಯ ಖಾತೆಗೆ ಜೋಡಿಸಿದ್ದ ಲ್ಯಾಪ್‌ಟಾಪನ್ನು ಸರಿಯಾಗಿ ಬಿಡುಗಡೆ ಮಾಡಿರದಿದ್ದರೆ, ರಿಸೆಟ್ ಮಾಡಿದಾಗ ಅದು ಆ ಕಂಪನಿಯ ಲಾಗಿನ್ ಕೇಳಬಹುದು. ಬಯಾಸ್‌ಗೆ ಪಾಸ್‌ವರ್ಡ್ ಇದ್ದರೂ ಕಷ್ಟವೇ. ಎದುರಿಗೇ ರಿಸೆಟ್ ಮಾಡಿಸಿ ನೋಡಿ.

ಎರಡು, ಬ್ಯಾಟರಿ. ವಿಂಡೋಸ್‌ನಲ್ಲೇ ಬ್ಯಾಟರಿ ವರದಿ ತೆಗೆಯಬಹುದು. ಹೊಸದಿದ್ದಾಗ 50 ವ್ಯಾಟ್-ಅವರ್ ಹಿಡಿಯುತ್ತಿದ್ದದ್ದು ಈಗ 25 ಹಿಡಿಯುತ್ತಿದ್ದರೆ, ಅರ್ಧ ಬ್ಯಾಟರಿ ಸವೆದಿದೆ ಎಂದರ್ಥ. ಹೊಸ ಬ್ಯಾಟರಿಯ ಬೆಲೆಯನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಮೂರು, ಕೈಗೆ ಸಿಗುವ ಭಾಗಗಳು. ಪ್ರತಿ ಕೀ ಒತ್ತಿ, ಹಿಂಜ್ ತೆರೆದು ಮುಚ್ಚಿ, ಎಲ್ಲ ಯುಎಸ್‌ಬಿ ಪೋರ್ಟ್, ವೈಫೈ, ಕ್ಯಾಮೆರಾ ನೋಡಿ. ಅರ್ಧ ಗಂಟೆ ವೀಡಿಯೋ ಓಡಿಸಿದರೆ ಅತಿಯಾಗಿ ಬಿಸಿಯಾಗುತ್ತದೆಯೇ ಎನ್ನುವುದೂ ಗೊತ್ತಾಗುತ್ತದೆ.

ನಾಲ್ಕು, ಬಿಲ್. ಅದರಲ್ಲಿ ಸೀರಿಯಲ್ ನಂಬರ್, ವಾರಂಟಿ ಅವಧಿ ಎರಡೂ ಇರಲಿ. ಬಾಯಿಮಾತಿನ ವಾರಂಟಿ ಗ್ರಾಹಕ ಆಯೋಗದ ಮುಂದೆ ಸಾಬೀತಾಗುವುದು ಕಷ್ಟ.

ಇಂಥ ಸಂದೇಶ ಮುಂದೆ ಬಂದಾಗ, ಫಾರ್ವರ್ಡ್ ಮಾಡುವ ಮೊದಲು ಕಳಿಸಿದವರಿಗೆ ಒಂದೇ ಪ್ರಶ್ನೆ ಕೇಳೋಣ: "ಪ್ರಾಸೆಸರ್‌ನ ಪೂರ್ತಿ ನಂಬರ್ ಏನು?" ಉತ್ತರ ಬಾರದ ಸಂದೇಶವನ್ನು ಅಲ್ಲಿಗೇ ನಿಲ್ಲಿಸಿದರೆ ಯಾರದೋ ಮನೆಯ ಫೀಸಿನ ಹಣ ಉಳಿದೀತು.