ಹೌದೋ, ಅಲ್ಲವೋ?

ಊರಿನ ಮನೆ ಮಾರೋದೋ ಬೇಡವೋ ಅಂತ ನನ್ನವಳು ಮೊನ್ನೆ ಇಲ್ಲೇ ದಾದರಿನಲ್ಲಿ ಟ್ಯಾರೋ ನೋಡುವವರನ್ನು ಕೇಳಿ ಬಂದಳು. ಬಂದ ಕಾರ್ಡು ಕತ್ತಿ ಎರಡು: ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಕೂತ ಹೆಂಗಸು, ಎದೆಯ ಮುಂದೆ ಅಡ್ಡಡ್ಡ ಎರಡು ಕತ್ತಿ. ಕಾರ್ಡು ನೆಟ್ಟಗೆ ಬಂದಿದೆ, ಹಾಗಾಗಿ 'ಹೌದು, ಮಾರಿ' ಅಂದರಂತೆ.

ನನಗಿದು ಒಪ್ಪಿಗೆಯಿಲ್ಲ. ನಮ್ಮೂರಲ್ಲಿ ದೇವರ ಹತ್ತಿರ ಹೂ ಕೇಳುತ್ತೇವೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಇಲ್ಲ. ಅಲ್ಲಿ ಓದೋದಕ್ಕೆ ಬೇರೇನಿಲ್ಲ. ಇಲ್ಲಿ ಹಾಗಲ್ಲ. 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ 78 ಕಾರ್ಡಿಗೂ ಬೇರೆಬೇರೆ ಚಿತ್ರ ಬರೆದಿದ್ದಾರೆ. ಅದನ್ನು ನೋಡದೆ ಹೌದು-ಇಲ್ಲ ಅನ್ನೋದು, ಸಾಲದ ಅರ್ಜಿ ಓದದೆ ಸಹಿ ಹಾಕಿದ ಹಾಗೆ.

ಆ ಚಿತ್ರ ಹೇಳಿದ್ದು ಇಷ್ಟೇ: ಮೊದಲು ಕಣ್ಣಿನ ಬಟ್ಟೆ ಬಿಚ್ಚಿ. ಅವ್ವ ಇನ್ನೂ ಆ ಮನೆಯಲ್ಲೇ ಇದ್ದಾಳೆ. ಕೇಳಬೇಕಾದ್ದು ಅವಳನ್ನಲ್ಲವೇ?